ಇಪ್ಪತ್ತೇಳನೆಯ ಕಂಬದ ಬಾಗಿಲು

ಅಕ್ಬೊಪೆಯ ಕೆಲಸ ಏನೆಂಬುದು ಮೊದಮೊದಲು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಅವಳು ಕಂಬ ಹತ್ತುವವಳಲ್ಲ, ಎಣ್ಣೆ ಬದಲಿಸುವವಳಲ್ಲ, ಅಡುಗೆಯವಳೂ ಅಲ್ಲ. ಒಂದು ಏಪ್ರಿಲ್‌ನಲ್ಲಿ ಎರಡು ಕಂಪ್ಯೂಟರು, ಕಾರ್ಡು ಅಚ್ಚುಹಾಕುವ ಒಂದು ಯಂತ್ರ ಹಿಡಿದುಕೊಂಡು ಬಂದು ನಿಯಂತ್ರಣ ಕೋಣೆಯ ಕಿಟಕಿ ಪಕ್ಕದ ಮೇಜಿಗೆ ಕೂತಳು. ಉಶಾರಾಲ್ ಬಸ್ ನಿಲ್ದಾಣದಿಂದ ಅವಳನ್ನು ಕರೆತಂದವನು ನಾನೇ. ನಾನು ಎರ್ಝಿಗಿತ್, ಸಾರಿಝೆಲ್ ಗಾಳಿ ವಿದ್ಯುತ್ ಕೇಂದ್ರದ ಡ್ರೈವರ್. ಜೀಪಿನಿಂದ ಹಿಡಿದು ಹಿಮದಲ್ಲಿ ತೆವಳುವ ಚೈನುಗಾಡಿಯವರೆಗೆ ಇಲ್ಲಿ ಉರುಳುವುದನ್ನೆಲ್ಲ ಓಡಿಸುವವನು.

ಯಾರು ಯಾವ ಕಂಪ್ಯೂಟರಿನೊಳಗೆ ಹೋಗಬಹುದು, ಯಾರು ಯಾವ ಗಾಳಿಯಂತ್ರವನ್ನು ನಿಲ್ಲಿಸಬಹುದು, ಯಂತ್ರ ಹೊತ್ತು ನಿಂತ ಟೊಳ್ಳು ಕಂಬಗಳಲ್ಲಿ ಯಾವುದರ ಬುಡದ ಬಾಗಿಲು ಯಾರ ಕಾರ್ಡಿಗೆ ತೆರೆದುಕೊಳ್ಳಬೇಕು – ಇದನ್ನೆಲ್ಲ ಬರೆಯುವುದು ಮತ್ತು ಅಳಿಸುವುದು ಅವಳ ಕೆಲಸ. ಅವಳು ಬರುವ ಮೊದಲು ನಮ್ಮಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇತ್ತು. ಅದನ್ನು ಪರದೆಯ ಅಂಚಿಗೇ ಅಂಟಿಸಿದ್ದರು. ಅರವತ್ತೆರಡು ಕಂಬಗಳಿಗೆ ಅರವತ್ತೆರಡು ಬೀಗ, ಎಲ್ಲಕ್ಕೂ ಒಂದೇ ಕೀಲಿ. ಹಿಂದಿನ ಚಳಿಗಾಲದಲ್ಲಿ, ಕೆಲಸದಿಂದ ತೆಗೆದುಹಾಕಿದ ಒಬ್ಬ ಎಂಜಿನಿಯರ್ ತನ್ನ ಮನೆಯಲ್ಲಿ ಕೂತು ಅದೇ ಪಾಸ್‌ವರ್ಡಿನಿಂದ ಒಳಹೊಕ್ಕು, ಮೈನಸ್ ಮೂವತ್ತರ ಚಳಿಯಲ್ಲಿ ಹದಿನಾರು ಯಂತ್ರಗಳನ್ನು ನಿಲ್ಲಿಸಿಬಿಟ್ಟಿದ್ದ. ನಾಲ್ಕು ಗಂಟೆ ಹೊತ್ತು ಎರಡು ಹಳ್ಳಿಗಳಲ್ಲಿ ಕರೆಂಟಿರಲಿಲ್ಲ. ಮಾಡಿದವನು ಅವನೇ ಎಂದು ಎಲ್ಲರಿಗೂ ಗೊತ್ತಿತ್ತು, ಆದರೆ ಒಳಗೆ ಹೋಗಿದ್ದು ಎಲ್ಲರದೂ ಆದ ಹೆಸರಿನಲ್ಲಿ, ಹಿಡಿಯುವುದು ಯಾರನ್ನು? ಅದಾದ ಮೇಲೆಯೇ ರಾಜಧಾನಿ ಅಸ್ತಾನಾದ ಮುಖ್ಯ ಕಚೇರಿ ಅಕ್ಬೊಪೆಯನ್ನು ಕಳಿಸಿದ್ದು.

ಅವಳನ್ನು ಎಲ್ಲರಿಗಿಂತ ಹೆಚ್ಚು ಕಾಡಿಸಿದವನು ತೊಕ್ಸನ್‌ಬಾಯ್. ಅವನು ಹುಟ್ಟಿದಾಗ ಅಜ್ಜನಿಗೆ ತೊಂಬತ್ತಾಗಿತ್ತಂತೆ, ಅದಕ್ಕೇ ಮೊಮ್ಮಗನಿಗೆ ತೊಂಬತ್ತು ಎಂದೇ ಹೆಸರಿಟ್ಟರು. ನಾವೆಲ್ಲ ಗೌರವದಿಂದ ತೊಕೆ ಎನ್ನುತ್ತಿದ್ದೆವು. ದುರಸ್ತಿ ತಂಡದ ಮುಖ್ಯಸ್ಥ. ಮೊದಲ ಕಂಬ ಎದ್ದ ದಿನ ಅದರ ಬುಡದ ಬೋಲ್ಟು ಬಿಗಿದವನು. ಬೀಗಗಳನ್ನೆಲ್ಲ ಕಿತ್ತು ಕಾರ್ಡು ತೋರಿಸಿದರೆ ತೆರೆಯುವ ಕಬ್ಬಿಣದ ಬಾಗಿಲು ಕೂರಿಸಿದ ದಿನ ಅವನು ಅವಳ ಮೇಜಿನ ಮುಂದೆ ಬಂದು ನಿಂತ.

"ಅಲ್ಲಮ್ಮ, ಬಾಗಿಲು ತೆಗೆಯೋದು ಹಾಕೋದು ಒಂದು ಉದ್ಯೋಗಾನಾ? ನಮ್ಮನೇಲಿ ಅದನ್ನ ಬೆಕ್ಕು ಮಾಡುತ್ತೆ."

ಅಕ್ಬೊಪೆ ಪರದೆಯಿಂದ ಕಣ್ಣೆತ್ತಲಿಲ್ಲ. "ಬೆಕ್ಕಿನ ಫೋಟೋ ತನ್ನಿ ತೊಕೆ, ಅದಕ್ಕೂ ಒಂದು ಕಾರ್ಡು ಮಾಡ್ಕೊಡ್ತೀನಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಹೇಳಿ."

ಕೋಣೆಯಲ್ಲಿದ್ದವರೆಲ್ಲ ನಕ್ಕರು, ತೊಕೆಯೇ ಹೆಚ್ಚು ನಕ್ಕ. ಆವತ್ತಿನಿಂದ ಅವರಿಬ್ಬರಿಗೆ ಹೊಂದಿಕೆಯಾಯಿತು. ಅವಳಿಗೆ ಮೂವತ್ನಾಲ್ಕು, ಗಂಡನಿಂದ ಬೇರೆಯಾಗಿದ್ದಳು. ತೊಕೆಗೆ ಐವತ್ತೆಂಟು, ಮಕ್ಕಳಿರಲಿಲ್ಲ. ಊಟದ ಕೋಣೆಯಲ್ಲಿ ಎದುರುಬದುರು ಕೂತು ಜಗಳವಾಡುತ್ತ ಉಣ್ಣುತ್ತಿದ್ದರು. ಅವನ ಹೆಂಡತಿ ಬಾಲ್ಝಾನ್ ವಾರಕ್ಕೊಮ್ಮೆ ಅವಳಿಗೆಂದೇ ಒಂದು ಚೀಲ ಬೌರ್ಸಾಕ್ ಹಿಟ್ಟಿನುಂಡೆ ಕರಿದು ಕಳಿಸುತ್ತಿದ್ದಳು.

ಅವಳು ತನ್ನ ಕೆಲಸವನ್ನು ನಂಬಿದ್ದಳು. ಇದನ್ನು ಹೇಳಲೇಬೇಕು, ಯಾಕೆಂದರೆ ಆಮೇಲೆ ಜನ ಅವಳನ್ನು ಹೆದರುಪುಕ್ಕಲಿ ಎಂದರು, ಕಾಗದದ ಹೆಂಗಸು ಎಂದರು. ಎರಡೂ ಅಲ್ಲ. ಅವಳು ಬಂದ ವರ್ಷದ ಶರತ್ಕಾಲದಲ್ಲಿ ರೆಕ್ಕೆ ದುರಸ್ತಿಗೆಂದು ಹೊರಗಿನಿಂದ ಒಬ್ಬ ಬಂದಿದ್ದ. ಅವನ ಕಾಗದ ಬಂದಿರಲಿಲ್ಲ. ತೊಕೆ ಕೇಳಿಕೊಂಡ, ಎರಡೇ ದಿನಕ್ಕೆ ಎಂದು. ಅವಳು ಅನುಮತಿ ಕೊಟ್ಟಳು. ತಪಾಸಣೆಯವರು ಕಂಡುಹಿಡಿದರು, ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಬೇಕಾದೀತು ಎಂದು ಬರೆದರು. ತೊಕೆ ಮುಖ ಚಿಕ್ಕದು ಮಾಡಿಕೊಂಡು ಕ್ಷಮೆ ಕೇಳಲು ಹೋದಾಗ ಅವಳು ಹೇಳಿದ್ದು ನನಗೆ ನೆನಪಿದೆ: "ಅವರು ಬೈದಿದ್ದು ಸರಿಯೇ ತೊಕೆ. ಒಬ್ಬರಿಗೆ ಅಂತ ತೆರೆದ ಬಾಗಿಲಲ್ಲಿ ಇನ್ನೊಬ್ಬ ನುಗ್ತಾನೆ. ಆ ಹದಿನಾರು ಯಂತ್ರ ನಿಂತಾಗ ಹಳ್ಳೀಲಿ ಯಾರಾದ್ರೂ ಸತ್ತಿದ್ರೆ?"

ಡಿಸೆಂಬರಿನಲ್ಲಿ ಮುಖ್ಯ ಕಚೇರಿಯಿಂದ ಹೊಸ ಆದೇಶ ಬಂತು. ದುರಸ್ತಿ ಕೆಲಸವನ್ನೆಲ್ಲ ಹೊರಗಿನ ಒಬ್ಬ ಗುತ್ತಿಗೆದಾರನಿಗೆ ವಹಿಸಲಾಗಿದೆ. ತೊಕೆಯ ತಂಡದ ಹನ್ನೊಂದು ಜನ ಮೂವತ್ತೊಂದನೆಯ ತಾರೀಖಿಗೆ ಕಂಪನಿಯ ನೌಕರರಾಗಿ ಮುಗಿಯುತ್ತಾರೆ, ಒಂದನೆಯ ತಾರೀಖಿನಿಂದ ಗುತ್ತಿಗೆದಾರನ ನೌಕರರು. ಅದೇ ಕೆಲಸ, ಅದೇ ಕಂಬ, ಅದೇ ಜನ. ಕಾಗದ ಮಾತ್ರ ಬೇರೆ. ಆ ಹನ್ನೊಂದು ಕಾರ್ಡುಗಳು ವರ್ಷದ ಕೊನೆಗೆ ತಾವಾಗಿಯೇ ನಿಂತವು. ಗುತ್ತಿಗೆದಾರ ಹೊಸ ಪಟ್ಟಿ ಕಳಿಸಬೇಕು, ಅಸ್ತಾನಾದವರು ಒಪ್ಪಬೇಕು, ಆಗ ಅಕ್ಬೊಪೆ ಮತ್ತೆ ಅನುಮತಿ ಬರೆಯಬೇಕು. ಹೊಸ ವರ್ಷದ ರಜೆಗಳು ನಡುವೆ ಬಂದವು. ಪಟ್ಟಿ ಬರಲಿಲ್ಲ.

ಜನವರಿ ಐದರ ಬೆಳಗ್ಗೆ ಒಂಬತ್ತು ದಾಟಿತ್ತು. ನಾನು ನಿಯಂತ್ರಣ ಕೋಣೆಯಲ್ಲಿ ಹಾಲಿನ ಚಹಾ ಕುಡಿಯುತ್ತ ಕೂತಿದ್ದೆ. ತೊಕೆ ಹಿಮ ಕೊಡವಿಕೊಂಡು ಒಳಗೆ ಬಂದ, ಕಾರ್ಡನ್ನು ಅವಳ ಮೇಜಿನ ಮೇಲೆ ಎಸೆದ.

"ನಿನ್ನ ಈ ಕಾರ್ಡು ಗೋದಾಮಿನ ಹತ್ರ ಕೆಂಪು ದೀಪ ತೋರಿಸ್ತಿದೆ. ಏನಾಯ್ತು ಅದಕ್ಕೆ, ನೆಗಡೀನಾ?"

"ಪಟ್ಟಿ ಬಂದಿಲ್ಲ ತೊಕೆ. ನಾನು ದಿನಾ ಫೋನ್ ಮಾಡ್ತಿದೀನಿ, ಅಸ್ತಾನಾದಲ್ಲಿ ಯಾರೂ ಎತ್ತೋದಿಲ್ಲ."

"ಗುತ್ತಿಗೆದಾರನ ಮನುಷ್ಯ ನನಗೆ ಫೋನ್ ಮಾಡಿ ಇಪ್ಪತ್ತರಿಂದ ಮೂವತ್ತರವರೆಗಿನ ಕಂಬ ನೋಡ್ಕೊಂಡು ಬಾ ಅಂದಿದಾನೆ. ಪಟ್ಟಿ ಕಳಿಸೋಕೆ ಪುರುಸೊತ್ತಿಲ್ಲ, ಕೆಲಸ ಹೇಳೋಕೆ ಪುರುಸೊತ್ತಿದೆ. ಇವತ್ತೊಂದು ದಿನ ತೆಗೆದುಕೊಡಮ್ಮ."

ಅಕ್ಬೊಪೆ ಕೇಂದ್ರದ ಮುಖ್ಯಸ್ಥ ಕೈರ್‌ಗೆಲ್ಡಿಯ ಕಡೆ ನೋಡಿದಳು. ಅವನು ಹೆಗಲು ಕುಣಿಸಿದ. "ನನ್ನ ಸಹಿಗೆ ಬೆಲೆ ಇಲ್ಲ ಅಂತ ಹೋದ ವರ್ಷವೇ ಬರೆದಿದಾರೆ. ನನ್ನ ಮುಖ ನೋಡ್ಬೇಡ."

"ಒಳಗೆ ಹೋಗೋ ಕೆಲಸ ಇದೆಯಾ?" ಎಂದು ಅವಳು ತೊಕೆಯನ್ನು ಕೇಳಿದಳು.

"ಇಲ್ಲ. ಹೊರಗಿನ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗಳ ಎಣ್ಣೆ ಮಟ್ಟ ಬರ್ಕೊಂಡು ಬರೋದು, ಅಷ್ಟೇ."

"ಹಾಗಾದ್ರೆ ಬಾಗಿಲು ಬೇಡ."

"ಕೆಲಸಕ್ಕೆ ಬೇಡ." ತೊಕೆ ಮೇಜಿನ ಮೇಲಿನ ಕಾರ್ಡನ್ನು ಬೆರಳಿನಿಂದ ಮಗುಚಿದ. "ಆದ್ರೂ ಕಾರ್ಡು ಸತ್ತಿದ್ರೆ ಜೇಬಲ್ಲಿ ಹೆಣ ಇಟ್ಕೊಂಡ ಹಾಗೆ ಅನ್ಸುತ್ತೆ ಕಣಮ್ಮ. ಅಂದ್ರೆ ನಾನೀಗ ಯಾರು?"

"ಕಂಪ್ಯೂಟರ್ ಲೆಕ್ಕದಲ್ಲಿ ನೀವೀಗ ಯಾರೂ ಅಲ್ಲ. ಸೋಮವಾರ ಮತ್ತೆ ತೊಕೆ ಆಗ್ತೀರಿ."

ನಾವೆಲ್ಲ ನಕ್ಕೆವು. ನಾನೂ ನಕ್ಕೆ. ತೊಕೆ ಕಾರ್ಡನ್ನು ಎತ್ತಿಕೊಂಡು, ಟೋಪಿಯ ಕಿವಿಗಳನ್ನು ಇಳಿಸಿಕೊಂಡು, ತನ್ನ ಹಳೆಯ ಜೀಪಿನಲ್ಲಿ ಹೊರಟುಹೋದ. ಬಿಸಿಲಿತ್ತು. ಸರೋವರದ ಕಡೆಯಿಂದ ಸಂಜೆಗೆ ಬುರಾನ್, ಕಣ್ಣು ಕಾಣದ ಹಿಮಗಾಳಿ, ಏಳಬಹುದೆಂದು ಹವಾಮಾನದವರು ಹೇಳಿದ್ದರು; ಮಧ್ಯಾಹ್ನದ ಊಟಕ್ಕೆ ಬಂದುಬಿಡುತ್ತೇನೆ ಎಂದಿದ್ದ.

ಬುರಾನ್ ಸಂಜೆಯವರೆಗೆ ಕಾಯಲಿಲ್ಲ. ಒಂದು ಗಂಟೆಗೆ ಮೊದಲೇ ಬೆಟ್ಟದ ಸಾಲು ಕಾಣದಾಯಿತು, ಆಮೇಲೆ ಅಂಗಳದ ಧ್ವಜಸ್ತಂಭ ಕಾಣದಾಯಿತು. ಹಿಮ ಮೇಲಿನಿಂದ ಬೀಳಲಿಲ್ಲ, ನೆಲದಿಂದ ಎದ್ದು ಅಡ್ಡಕ್ಕೆ ಹರಿಯಿತು. ಒಂದು ಇಪ್ಪತ್ತಕ್ಕೆ ಇಪ್ಪತ್ನಾಲ್ಕರಿಂದ ಮೂವತ್ತೊಂದರವರೆಗಿನ ಕಂಬಗಳು ಪರದೆಯ ಮೇಲೆ ಬೂದುಬಣ್ಣಕ್ಕೆ ತಿರುಗಿದವು. ಆ ಸಾಲಿನ ಸಂಪರ್ಕದ ತಂತಿ ಎಲ್ಲೋ ತುಂಡಾಗಿತ್ತು. ಯಂತ್ರಗಳು ಅಲ್ಲಿ ತಿರುಗುತ್ತಲೇ ಇದ್ದವು, ನಮಗೆ ಕಾಣುತ್ತಿರಲಿಲ್ಲ ಅಷ್ಟೇ. ಇಂಥದು ಚಳಿಗಾಲದಲ್ಲಿ ನಾಲ್ಕಾರು ಸಲ ಆಗುತ್ತದೆ, ಯಾರೂ ಗಾಬರಿಪಡಲಿಲ್ಲ.

ಒಂದು ಐವತ್ತಕ್ಕೆ ವೈರ್‌ಲೆಸ್ ಸೆಟ್ಟು ಕರಕರ ಎಂದಿತು.

"ನಿಯಂತ್ರಣ, ನಾನು ತೊಕ್ಸನ್‌ಬಾಯ್. ಜೀಪು ಹಳ್ಳಕ್ಕೆ ಮಗುಚಿದೆ. ಗಾಜೆಲ್ಲ ಹೋಯ್ತು, ಒಳಗೆ ಕೂರೋ ಹಾಗಿಲ್ಲ. ಇಪ್ಪತ್ತೇಳಕ್ಕೆ ನಡ್ಕೊಂಡು ಬಂದಿದೀನಿ. ಬಾಗಿಲು ತೆಗಿಯಮ್ಮ."

ಅಕ್ಬೊಪೆ ಕೀಲಿಮಣೆ ಎಳೆದುಕೊಂಡಳು. ಅವಳ ಬೆರಳು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಪಟ್ಟಿ ಇಲ್ಲ, ಸಹಿ ಇಲ್ಲ, ಅಸ್ತಾನಾ ಇಲ್ಲ. ಎರಡು ನಿಮಿಷದಲ್ಲಿ ತೊಕ್ಸನ್‌ಬಾಯ್ ಎಂಬ ಹೆಸರಿಗೆ ಅರವತ್ತೆರಡು ಬಾಗಿಲನ್ನೂ ಬರೆದಳು.

"ಈಗ ಕಾರ್ಡು ಹಿಡೀರಿ ತೊಕೆ."

"ಕೆಂಪು."

"ಒರೆಸಿ, ಮತ್ತೆ ಹಿಡೀರಿ."

"ಕೆಂಪೇ ಕಣಮ್ಮ."

ಅವಳು ಪರದೆ ನೋಡಿದಳು. ಅವನ ಹೆಸರಿನ ಮುಂದೆ 'ತಲುಪಬೇಕಿದೆ' ಎಂದು ಬರೆದಿತ್ತು. ಪ್ರತಿ ಬಾಗಿಲಿನ ಬೀಗದಲ್ಲೂ ಹೆಸರುಗಳ ಒಂದು ಪಟ್ಟಿ ಇರುತ್ತದೆ. ಅದು ಕೇಂದ್ರದಿಂದ ತಂತಿಯ ಮೂಲಕ ಹೋಗುತ್ತದೆ. ತಂತಿ ಕಡಿದುಹೋದರೆ ಬೀಗ ತನ್ನ ಬಳಿ ಕೊನೆಯದಾಗಿ ಬಂದ ಪಟ್ಟಿಯನ್ನೇ ನಂಬುತ್ತದೆ. ಇಪ್ಪತ್ತೇಳನೆಯ ಬಾಗಿಲ ಬಳಿ ಇದ್ದ ಪಟ್ಟಿಯಲ್ಲಿ ತೊಕೆ ಯಾರೂ ಅಲ್ಲ. ಬೆಳಗ್ಗೆ ಒಂಬತ್ತಕ್ಕೆ ಅವನ ಹೆಸರು ಬರೆದಿದ್ದರೆ ಅದು ಅಲ್ಲಿಗೆ ತಲುಪಿ ನಾಲ್ಕು ತಾಸಿಗೂ ಮೇಲಾಗಿರುತ್ತಿತ್ತು. ಅವಳಿಗೆ ಅದು ಹೊಳೆದ ಗಳಿಗೆಯನ್ನು ನಾನು ಕಣ್ಣಾರೆ ಕಂಡೆ. ಅವಳು ಕುರ್ಚಿಯ ತೋಳನ್ನು ಹಿಡಿದುಕೊಂಡಳು, ಅನುಮತಿ ಕಳಿಸುವ ಗುಂಡಿಯನ್ನು ಮತ್ತೆ ಒತ್ತಿದಳು, ಮತ್ತೆ ಒತ್ತಿದಳು.

ಕೈಯಿಂದ ತಿರುಗಿಸಿ ತೆರೆಯುವ ಕೀಲಿ ಒಂದೇ ಒಂದಿತ್ತು, ಕೈರ್‌ಗೆಲ್ಡಿಯ ತಿಜೋರಿಯಲ್ಲಿ. ಅವನು ಅದನ್ನು ತೆಗೆಯಲು ಓಡಿದ, ನಾನು ಚೈನುಗಾಡಿಯನ್ನು ಬಿಸಿಮಾಡಲು ಓಡಿದೆ. ಹೊರಡುವಾಗ ಎರಡು ಇಪ್ಪತ್ತು. ಇಪ್ಪತ್ತೇಳಕ್ಕೆ ಹನ್ನೊಂದು ಕಿಲೋಮೀಟರ್. ಬೇಸಿಗೆಯಲ್ಲಿ ಕಾಲು ಗಂಟೆಯ ದಾರಿ. ಆವತ್ತು ನನಗೆ ಗಾಡಿಯ ಮುಂದಿನ ದೀಪ ಕಾಣುತ್ತಿರಲಿಲ್ಲ. ಕೈರ್‌ಗೆಲ್ಡಿ ಇಳಿದು ದಾರಿಗುರುತಿನ ಕೋಲುಗಳನ್ನು ಕೈಯಿಂದ ತಡವಿ ಹುಡುಕುತ್ತಿದ್ದ. ಸಿಕ್ಕಿದರೆ ಹಿಂದಿರುಗಿ ಗಾಡಿಯ ಬಾನೆಟ್ ಬಡಿಯುತ್ತಿದ್ದ, ನಾನು ಆ ಕೋಲಿನವರೆಗೆ ತೆವಳುತ್ತಿದ್ದೆ. ಕೋಲಿನಿಂದ ಕೋಲಿಗೆ ಹಾಗೆ ಹೋದೆವು.

ಗಾಡಿಯ ವೈರ್‌ಲೆಸ್ಸಿನಲ್ಲಿ ಅವರಿಬ್ಬರ ಮಾತು ಕೇಳುತ್ತಲೇ ಇತ್ತು.

"ಮೆಟ್ಟಿಲ ಕೆಳಗೆ ಗಾಳಿ ಕಮ್ಮಿ ಇರುತ್ತೆ, ಅಲ್ಲಿ ಕೂತ್ಕೊಳ್ಳಿ. ಕೈ ಕಂಕುಳಲ್ಲಿ ಇಟ್ಕೊಳ್ಳಿ. ಎರ್ಝಿಗಿತ್ ಹೊರಟಿದಾನೆ."

"ಕೂತಿದೀನಿ. ಜಾಕ್ ಕಂಬೀಲಿ ಬಾಗಿಲಿಗೆ ಬಡಿದೆ. ಕಂಬಿ ಬಗ್ಗಿತು. ಒಳ್ಳೆ ಬಾಗಿಲು ತಂದಿದೀಯ."

ಒಂದಷ್ಟು ಹೊತ್ತು ಬರೀ ಕರಕರ. ಆಮೇಲೆ ಅವನು ನನ್ನನ್ನು ಕರೆದ.

"ಎರ್ಝಿಗಿತ್, ಒಳಗೆ ಹೀಟರ್ ಓಡ್ತಾ ಇದೆ ಕಣೋ. ಬಾಗಿಲಿಗೆ ಕಿವಿ ಕೊಟ್ರೆ ಕೇಳ್ಸುತ್ತೆ."

"ಬರ್ತಿದೀನಿ ತೊಕೆ. ಹದಿನೈದನೇ ಕಂಬ ದಾಟಿದೆ," ಎಂದೆ. ಸುಳ್ಳು. ಏಳನ್ನೂ ದಾಟಿರಲಿಲ್ಲ.

ಅವನಿಗೆ ಸಿಟ್ಟು ಬಂದದ್ದು ಮೂರು ಗಂಟೆಯ ಹೊತ್ತಿಗೆ. ನಮ್ಮನ್ನೆಲ್ಲ ಬೈದ. ಕಂಪನಿಯನ್ನು, ಗುತ್ತಿಗೆದಾರನನ್ನು, ಆ ಬಾಗಿಲನ್ನು. ಅಕ್ಬೊಪೆಯನ್ನು ಬೈದ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಮೈ ಕೊರೆಯುವಾಗ ಮನುಷ್ಯ ಆಡುವ ಮಾತು ಅವನದಲ್ಲ. ಅವಳು ಎಲ್ಲಕ್ಕೂ "ಹೂಂ ತೊಕೆ, ಹೂಂ," ಎನ್ನುತ್ತಿದ್ದಳು. ನಂತರ ಅವನ ದನಿ ಮೆತ್ತಗಾಯಿತು, ಮಾತು ತೊದಲಿತು. ನಡುಗುವುದು ನಿಂತಿದೆ, ಈಗ ಅಷ್ಟೇನೂ ಚಳಿ ಇಲ್ಲ ಎಂದ. ಕೈರ್‌ಗೆಲ್ಡಿ ನನ್ನ ಮುಖ ನೋಡಿದ. ಹೆಪ್ಪುಗಟ್ಟಿ ಸಾಯುವ ಮುಂಚೆ ಚಳಿ ಹೋದಂತೆ ಅನ್ನಿಸುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ನಿದ್ದೆ ಬರ್ತಿದೆ."

"ಮಲಗಬೇಡಿ! ತೊಕೆ, ಇನ್ನೂ ಬೈರಿ ನನ್ನ. ಬಾಯಿಗೆ ಬಂದಿದ್ದು ಬೈರಿ. ಬೈತಾ ಇರಿ!"

"ಬೈಯೋದಕ್ಕೆ ಏನಿದೆ ಮಗಳೇ," ಎಂದ. ತುಂಬ ನಿಧಾನವಾಗಿ. "ಬೆಳಗ್ಗೆ ಕೇಳಿದ್ನಲ್ಲ."

ಮತ್ತೆ ಅವನ ದನಿ ಬರಲಿಲ್ಲ. ಸೆಟ್ಟಿನ ಬ್ಯಾಟರಿ ಹೋಯಿತೋ, ಗುಂಡಿ ಒತ್ತುವ ಬೆರಳು ಹೋಯಿತೋ ಗೊತ್ತಿಲ್ಲ. ಅಕ್ಬೊಪೆ ಮಾತ್ರ ಕರೆಯುತ್ತಲೇ ಇದ್ದಳು, ನಾವು ತಲುಪುವವರೆಗೂ. "ತೊಕೆ. ತೊಕೆ. ಇಪ್ಪತ್ತೇಳು, ಕೇಳಿಸ್ತಿದೆಯಾ? ತೊಕೆ." ಸಹಿಸಲಾರದೆ ಕೈರ್‌ಗೆಲ್ಡಿ ಸೆಟ್ಟನ್ನು ಆರಿಸಲು ಕೈಚಾಚಿದ, ನಾನು ಅವನ ಕೈ ಹಿಡಿದುಕೊಂಡೆ.

ಬೆಳಕು ಇಳಿಯುವ ಹೊತ್ತಿಗೆ, ಐದಕ್ಕೆ ಸ್ವಲ್ಪ ಮೊದಲು, ಮುಟ್ಟಿದೆವು. ತೊಕೆ ಮೆಟ್ಟಿಲ ಕೆಳಗೆ ಇರಲಿಲ್ಲ. ಮೇಲೆ ಹತ್ತಿ ಬಂದು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ, ಮಡಿಲಲ್ಲಿ ಹಿಮ ತುಂಬಿತ್ತು. ಒಂದು ಕೈಗವಸು ಕಳಚಿ, ಕಾರ್ಡನ್ನು ಬರಿಗೈಯಲ್ಲಿ ಹಿಡಿದಿದ್ದ. ಬಾಗಿಲು ಹೊರಕ್ಕೆ ತೆರೆಯುವಂಥದು. ಅವನನ್ನು ಪಕ್ಕಕ್ಕೆ ಸರಿಸಿದ ಮೇಲೆಯೇ ನಾವು ಕೀಲಿ ತಿರುಗಿಸಿದ್ದು. ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಬಡಿಯಿತು. ಹದಿನೆಂಟು ಡಿಗ್ರಿ, ಗೋಡೆಯ ಮೇಲೆ ಬರೆದಿತ್ತು. ಅವನನ್ನು ಎಳೆದು ಒಳಗೆ ಮಲಗಿಸಿ ಎದೆ ಒತ್ತಿದೆವು, ಉಸಿರು ಊದಿದೆವು, ಒಂದು ಗಂಟೆ ಹೊತ್ತು. ಮೀಸೆಯ ಮೇಲಿನ ಮಂಜು ಕರಗಿ ಕೆನ್ನೆಯ ಮೇಲೆ ಹರಿಯಿತು. ಅಷ್ಟೇ.

ಅಕ್ಬೊಪೆಗೆ ಹೇಳಿದವನು ನಾನು. "ಬಾಗಿಲು ತೆಗೆದ್ವಿ," ಎಂದೆ.

ಅವನನ್ನು ಹಳ್ಳಿಯ ಹಿಂದಿನ ದಿಬ್ಬದಲ್ಲಿ ಮಣ್ಣು ಮಾಡಿದೆವು. ನೆಲ ಕಲ್ಲಾಗಿತ್ತು, ಟೈರು ಸುಟ್ಟು ಮೆತ್ತಗೆ ಮಾಡಿ ಅಗೆಯಬೇಕಾಯಿತು. ಏಳನೆಯ ದಿನದ ಊಟಕ್ಕೆ ಅಕ್ಬೊಪೆ ಬರುತ್ತೇನೆಂದಳು. ಬೇಡ ಎಂದೆ, ಕೇಳಲಿಲ್ಲ. ಬಾಲ್ಝಾನ್ ಅವಳನ್ನು ಬಾಗಿಲಲ್ಲಿ ತಡೆಯಲಿಲ್ಲ, ಬೈಯಲಿಲ್ಲ, ಅಳಲೂ ಇಲ್ಲ. ಉಳಿದ ಹೆಂಗಸರ ಜೊತೆ ಕೂರಿಸಿದಳು, ಸತ್ತವನ ಹೆಸರಲ್ಲಿ ಕರಿದ ಶೆಲ್ಪೆಕ್ ರೊಟ್ಟಿ ಮುಂದಿಟ್ಟಳು. ಚಹಾ ಬಗ್ಗಿಸುವ ಸರದಿ ಬಂದಾಗ ಎಲ್ಲರ ಬಟ್ಟಲಿಗೆ ಅರ್ಧರ್ಧ ಹಾಕಿದಳು; ಅಕ್ಬೊಪೆಯ ಬಟ್ಟಲಿಗೆ ಮಾತ್ರ ಅಂಚಿನವರೆಗೆ, ತುಳುಕುವಂತೆ ತುಂಬಿದಳು. ತುಂಬಿದ ಬಟ್ಟಲೆಂದರೆ ಏನೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು: ಕುಡಿ, ಎದ್ದು ಹೋಗು. ಅಕ್ಬೊಪೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಸುಡುವ ಚಹಾವನ್ನು ಒಂದು ಹನಿ ಚೆಲ್ಲದೆ ಪೂರ್ತಿ ಕುಡಿದಳು. ಎದ್ದಳು. ದಾರಿಯುದ್ದಕ್ಕೂ ಗಾಡಿಯಲ್ಲಿ ನಾಲಗೆ ಸುಟ್ಟ ಬಾಯನ್ನು ಕೈಯಿಂದ ಮುಚ್ಚಿಕೊಂಡಿದ್ದಳು.

ಫೆಬ್ರುವರಿಯಲ್ಲಿ ಅಸ್ತಾನಾದಿಂದ ಮೂವರ ತನಿಖಾ ತಂಡ ಬಂತು. ಎರಡು ದಿನ ಇದ್ದರು. ನನ್ನನ್ನೂ ಕೇಳಿದರು: ಗಾಡಿ ಎಷ್ಟು ಗಂಟೆಗೆ ಹೊರಟಿತು, ಡೀಸೆಲ್ ಎಷ್ಟಿತ್ತು. ಅಕ್ಬೊಪೆಯನ್ನು ಕೇಳಿದ್ದು ಅರ್ಧ ಗಂಟೆ. ಅವಳ ಕಂಪ್ಯೂಟರಿನಲ್ಲಿ ಎಲ್ಲವೂ ನಿಮಿಷ ಸಮೇತ ಬರೆದಿತ್ತು. ಒಂಬತ್ತು ಹತ್ತಕ್ಕೆ ಮೌಖಿಕ ಕೋರಿಕೆ, ನಿರಾಕರಿಸಲಾಗಿದೆ. ನಿಯಮದ ಪ್ರಕಾರ ಸರಿ. ಒಂದು ಐವತ್ತೆರಡಕ್ಕೆ ಒಪ್ಪಿಗೆಯಿಲ್ಲದೆ ಅನುಮತಿ ನೀಡಲಾಗಿದೆ. ನಿಯಮಕ್ಕೆ ವಿರುದ್ಧ, ಆದರೆ ಸಂದರ್ಭ ನೋಡಿ ಮನ್ನಿಸಬಹುದು.

ನಾನು ಅವರಿಗೆ ಚಹಾ ತಂದಿಟ್ಟು ಬಾಗಿಲ ಬಳಿ ನಿಂತಿದ್ದೆ. ಅಕ್ಬೊಪೆ ಹೇಳಿದಳು, "ನನ್ನ ತಪ್ಪು ಅಂತ ಬರೀರಿ."

"ಯಾವುದು?" ಎಂದ ತಂಡದ ಹಿರಿಯ. ಕೆಟ್ಟವನಲ್ಲ, ಕನ್ನಡಕ ಒರೆಸುತ್ತ ಕೂತಿದ್ದ ಸುಸ್ತಾದ ಮನುಷ್ಯ.

"ಬೆಳಗ್ಗೆ ಕೊಡಲಿಲ್ಲವಲ್ಲ, ಅದು."

"ಅದರಲ್ಲಿ ನೀವು ನಿಯಮ ಪಾಲಿಸಿದ್ದೀರಿ ತಂಗಿ."

"ಅದನ್ನೇ ತಪ್ಪು ಅಂತ ಬರೀರಿ."

"ನಿಯಮ ಪಾಲಿಸಿದ್ದನ್ನ ತಪ್ಪು ಅಂತ ಬರೆಯೋಕೆ ಈ ಕಾಗದದಲ್ಲಿ ಜಾಗ ಇಲ್ಲಮ್ಮ. ಹೋಗಿ, ಮನೆಗೆ ಹೋಗಿ ಎರಡು ದಿನ ರೆಸ್ಟ್ ತಗೊಳ್ಳಿ."

ಕೊನೆಗೆ ಅವರು ಬರೆದದ್ದು ಇಷ್ಟು: ಹವಾಮಾನ ಮುನ್ಸೂಚನೆ ಇದ್ದರೂ ಮೃತನು ಒಬ್ಬನೇ ಹೊರಟದ್ದು ಅವನದೇ ಅಜಾಗರೂಕತೆ. ಅವನು ಯಾರ ನೌಕರ ಎಂಬ ಪ್ರಶ್ನೆ ಬಂದಾಗ, ಡಿಸೆಂಬರ್ ಮೂವತ್ತೊಂದಕ್ಕೇ ನಮ್ಮವನಲ್ಲ ಎಂದಿತು ಕಂಪನಿ; ಇನ್ನೂ ಸಹಿ ಆಗಿರಲಿಲ್ಲ, ಹಾಗಾಗಿ ನಮ್ಮವನಲ್ಲ ಎಂದ ಗುತ್ತಿಗೆದಾರ. ಕೆಲಸದಲ್ಲಿದ್ದಾಗ ಸತ್ತ ಎಂಬ ಒಂದು ಸಾಲು ಬರೆದುಕೊಡಿ ಎಂದು ಬಾಲ್ಝಾನ್ ಕಚೇರಿಯಿಂದ ಕಚೇರಿಗೆ ಹೋದಳು. ನಾನೇ ಮೂರು ಸಲ ಕರೆದುಕೊಂಡು ಹೋಗಿದ್ದೆ. "ಇಪ್ಪತ್ತೆರಡು ವರ್ಷ ದುಡಿದೋನು, ಐದನೇ ತಾರೀಖು ಆ ಬಯಲಿಗೆ ಕುರಿ ಮೇಯಿಸೋಕೆ ಹೋಗಿದ್ನಾ?" ಎಂದು ಕೇಳಿದಳು. ಆ ಸಾಲು ಬರೆಯಲು ಇಂದಿಗೂ ಯಾರೂ ಒಪ್ಪಿಲ್ಲ.

ಗುತ್ತಿಗೆದಾರನ ಪಟ್ಟಿ ಜನವರಿ ಹದಿಮೂರಕ್ಕೇ ಬಂದಿತ್ತು. ಅದರಲ್ಲಿ ಹತ್ತು ಹೆಸರುಗಳಿದ್ದವು. ಆ ಹತ್ತು ಜನಕ್ಕೆ ಕಾರ್ಡು ಸರಿಹೋಯಿತು, ಆದರೆ ಅವರಿಗೆ ಬಾಗಿಲುಗಳ ಮೇಲೆ ನಂಬಿಕೆ ಹೋಗಿತ್ತು. ಯಾರು ಶುರುಮಾಡಿದರೋ ಕಾಣೆ, ಕಂಬದಿಂದ ಹೊರಬರುವಾಗ ಬಾಗಿಲು ಪೂರ್ತಿ ಮುಚ್ಚದಂತೆ ಚೌಕಟ್ಟಿಗೆ ಒಂದು ಕಲ್ಲು ಇಟ್ಟು ಬರತೊಡಗಿದರು. ಮೊದಲು ಇಪ್ಪತ್ತರ ಸಾಲಿನಲ್ಲಿ, ಆಮೇಲೆ ಎಲ್ಲ ಕಡೆ. ಹೀಗೆ ತೆರೆದಿಟ್ಟರೆ ಅಕ್ಬೊಪೆಯ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಅದನ್ನು ಅವಳು ಅಸ್ತಾನಾಕ್ಕೆ ತಿಳಿಸಬೇಕು. ತಂತಿ ಕಳ್ಳರು ಬರುತ್ತಾರೆ, ಒಳಗಿನ ಪೆಟ್ಟಿಗೆಗೆ ಯಾರು ಬೇಕಾದರೂ ಕೈಹಾಕಬಹುದು – ಇದನ್ನೆಲ್ಲ ನಮಗೆ ಹೇಳಿಕೊಟ್ಟವಳೇ ಅವಳು.

ಅವಳು ತಿಳಿಸಲಿಲ್ಲ. ದಿನಾ ಬೆಳಗ್ಗೆ ಬಂದು ಅರವತ್ತೆರಡು ಎಚ್ಚರಿಕೆಗಳನ್ನು ಒಂದೊಂದಾಗಿ ಒತ್ತಿ ಅಳಿಸುತ್ತಿದ್ದಳು. ಮಧ್ಯಾಹ್ನ ಮತ್ತೆ ಬರುತ್ತಿದ್ದವು, ಮತ್ತೆ ಅಳಿಸುತ್ತಿದ್ದಳು. ಊಟಕ್ಕೂ ಏಳುತ್ತಿರಲಿಲ್ಲ. ಏಳು ವಾರ ಹೀಗೆ ನಡೆಯಿತು. ನಾನು ಒಮ್ಮೆ ಹೇಳಿದೆ, "ಗೊತ್ತಾದ್ರೆ ನಿನ್ನ ಬಿಡಲ್ಲ ಅವರು."

"ಗೊತ್ತಾಗುತ್ತೆ ಅಣ್ಣ," ಎಂದಳು. "ನಾನು ಅಳಿಸಿದ್ದೂ ಬರೆದಿರುತ್ತೆ. ಅಳಿಸಿದ್ದನ್ನ ಅಳಿಸೋಕೆ ಆಗಲ್ಲ."

ಮಾರ್ಚ್ ಕೊನೆಯಲ್ಲಿ, ನೌರಿಜ್ ಹಬ್ಬ ಮುಗಿದ ವಾರ, ನಿಯಂತ್ರಣ ಕೋಣೆಯ ಬಾಗಿಲಿಗೆ ಅವಳು ಹಿಡಿದ ಕಾರ್ಡು ಕೆಂಪು ತೋರಿಸಿತು. ರಾತ್ರಿಯೇ ಅಸ್ತಾನಾದಿಂದ ಅವಳ ಹೆಸರನ್ನು ತೆಗೆದಿದ್ದರು. ಕೈರ್‌ಗೆಲ್ಡಿ ಹೊರಗೆ ಬಂದು ಒಂದು ಕಾಗದ ಕೊಟ್ಟ, ಮುಖ ನೋಡದೆ. ಎಚ್ಚರಿಕೆಗಳನ್ನು ಮುಚ್ಚಿಟ್ಟು ಕೇಂದ್ರದ ಭದ್ರತೆಗೆ ಧಕ್ಕೆ ತಂದದ್ದಕ್ಕಾಗಿ ಕೆಲಸದಿಂದ ವಜಾ.

ಅವಳ ಸಾಮಾನು ಒಂದೇ ಪೆಟ್ಟಿಗೆ. ಉಶಾರಾಲಿಗೆ ಬಿಡಲು ನಾನೇ ಹೊರಟೆ. ಹಿಮ ಕರಗಿ ರಸ್ತೆಯೆಲ್ಲ ಕೆಸರು. ಅವಳು ಆ ಕಾಗದವನ್ನು ಮತ್ತೊಮ್ಮೆ ಬಿಚ್ಚಿ ಓದಿದಳು.

"ಕೊನೆಗೂ ಒಂದು ತಪ್ಪು ಬರೆದ್ರಲ್ಲ ಅಣ್ಣ," ಎಂದಳು.

"ಬಿಡು ಅದನ್ನ."

"ಆದ್ರೆ ಇದಲ್ಲ. ಇದಲ್ಲ ಅದು." ಕಾಗದವನ್ನು ಮಡಿಚಿ ಪೆಟ್ಟಿಗೆಯೊಳಗೆ ಹಾಕಿದಳು. ಬಸ್ಸು ಹತ್ತುವಾಗ ಬಾಲ್ಝಾನ್‌ಗೆ ಏನಾದರೂ ಹೇಳಲೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. ಈಗ ಅವಳು ತಾಲ್ದಿಕೊರ್ಗಾನಿನಲ್ಲಿ ಅಕ್ಕನ ಮನೆಯಲ್ಲಿದ್ದಾಳಂತೆ, ಮಾರುಕಟ್ಟೆಯಲ್ಲಿ ದಾರ, ಗುಂಡಿ ಮಾರುತ್ತಾಳಂತೆ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಅನುಮತಿಗಳನ್ನು ಈಗ ಅಸ್ತಾನಾದಿಂದಲೇ ಬರೆಯುತ್ತಾರೆ. ಪ್ರತಿ ಕಂಬಕ್ಕೂ ತುರ್ತು ಕೀಲಿ ಇಡಬೇಕೆಂದು ಕೈರ್‌ಗೆಲ್ಡಿ ಬರೆದ ಪತ್ರಕ್ಕೆ, ಪರಿಶೀಲಿಸಲಾಗುವುದು ಎಂದು ಉತ್ತರ ಬಂದಿದೆ. ಅದೇ ಲಕೋಟೆಯಲ್ಲಿ ಇನ್ನೊಂದು ಆದೇಶವೂ ಇತ್ತು: ಬಾಗಿಲುಗಳಿಗೆ ಇಟ್ಟಿರುವ ಕಲ್ಲುಗಳನ್ನು ತಕ್ಷಣ ತೆಗೆಸಬೇಕು.

ದುರಸ್ತಿಯವರು ತೆಗೆಯುವುದಿಲ್ಲ ಎಂದರು. ಕೈರ್‌ಗೆಲ್ಡಿ ಡ್ರೈವರಾದ ನನಗೆ ಹೇಳಿದ. ಏಪ್ರಿಲ್ ಹತ್ತರಂದು ಬೆಳಗ್ಗೆ ಜೀಪು ತೆಗೆದುಕೊಂಡು ಒಂದರಿಂದ ಶುರುಮಾಡಿದೆ. ಕಾಲಿನಿಂದ ಕಲ್ಲನ್ನು ಸರಿಸುವುದು, ಬಾಗಿಲು ತಾನಾಗಿ ಮುಚ್ಚಿಕೊಂಡು ಟಕ್ ಎನ್ನುವುದನ್ನು ಕೇಳುವುದು, ಕಲ್ಲನ್ನು ಹಿಂದಿನ ಸೀಟಿಗೆ ಹಾಕಿಕೊಂಡು ಮುಂದಕ್ಕೆ ಹೋಗುವುದು. ಬಯಲಿನಲ್ಲಿ ಹಳದಿ ಹೂ ಬಿಡತೊಡಗಿತ್ತು, ಗಾಳಿ ಮಂದವಾಗಿತ್ತು. ಇಪ್ಪತ್ತೇಳರ ಮೆಟ್ಟಿಲು ಹತ್ತಿ ಕಲ್ಲಿನ ಮೇಲೆ ಕಾಲಿಟ್ಟೆ. ಇದೊಂದನ್ನು ಬಿಟ್ಟುಬಿಡೋಣ ಎನ್ನಿಸಿತು. ಬಿಟ್ಟರೆ ನಾಳೆ ಅಸ್ತಾನಾದಲ್ಲಿ ಯಾರದೋ ಪರದೆಯ ಮೇಲೆ ಕಾಣುತ್ತದೆ, ನನ್ನ ಹೆಸರೂ ಕಾಣುತ್ತದೆ. ನನಗೆ ಐವತ್ತೊಂದು ವರ್ಷ, ಈ ಕೆಲಸ ಬಿಟ್ಟರೆ ಬೇರೆ ಗೊತ್ತಿಲ್ಲ.

ಅದನ್ನೂ ತೆಗೆದೆ. ಸಂಜೆಗೆ ಮೊದಲು ಅರವತ್ತೆರಡೂ ಮುಗಿದವು.